ಮಕ್ಕಳು ಹುಡುಕಿದ್ದು ವಸಂತಿಯನ್ನು

ಇಲಾಖೆಗೆ ಹೊಸದಾಗಿ ಸೇರಿದ ಅಂಗನವಾಡಿ ಮೇಲ್ವಿಚಾರಕಿಯೊಬ್ಬಳು ಮೊನ್ನೆ ಕೋಟೇಶ್ವರದ ನಮ್ಮ ಮನೆಗೆ ಬಂದಿದ್ದಳು. ಪಾಪ, ಚಿಕ್ಕ ಹುಡುಗಿ. "ಮೇಡಂ, ಮಕ್ಳ ಮೇಲಿನ ದೌರ್ಜನ್ಯ ತಡೂಕೆ ತರಬೇತಿ ಕೊಡ್ಕಂತ್ ಹೇಳಿರ್. ಹ್ಯಾಂಗ್ ಕೊಡೂದಂತ್ ವಸಂತಿಯಕ್ಕನ್ ಕೇಂಡೆ. ಅವ್ರ್ ನಿಮ್ಮನ್ ಕೇಣ್ ಅಂದ್ರ್" ಎಂದಳು. ಮೊದಲು ಅವಳ ಹತ್ತಿರ ಹೋಗಿ ಆಮೇಲೆ ನನ್ನ ಹತ್ತಿರ ಬಂದದ್ದು! ಇಬ್ಬರೂ ನಿವೃತ್ತರಾಗಿ ಕೂತ ಮೇಲೂ ಈ ಕ್ರಮ ಬದಲಾಗಲಿಲ್ಲ. ಚಹಾ ಕೊಟ್ಟೆ. ಡಬ್ಬಿಯಲ್ಲಿ ಚಕ್ಕುಲಿ ಇತ್ತು, ಕೊಡಲು ಮನಸ್ಸಾಗಲಿಲ್ಲ.

ಅವಳು ಹೋದ ಮೇಲೆ ಬರೆಯಲು ಕೂತೆ. ನನಗೆ ಯಾವಾಗ ಭಡ್ತಿ ಸಿಕ್ಕಿತು, ಯಾವ ಸಚಿವರು ಕೈಕುಲುಕಿದರು ಎನ್ನುವುದೆಲ್ಲ ಇದರಲ್ಲಿ ಇಲ್ಲ. ಮಕ್ಕಳ ಹೆಸರು, ಶಾಲೆಯ ಹೆಸರು ಕೂಡ ಇಲ್ಲ. ಊರುಗಳನ್ನು ಬೇಕೆಂದೇ ಆಚೀಚೆ ಮಾಡಿದ್ದೇನೆ. ಹೊಸಬರಿಗೆ ಇದೇ ಮೊದಲ ಪಾಠ: ಮಗುವಿನ ಸಂಗತಿ ಹೇಳಿದರೂ ಮಗು ಯಾವುದೆಂದು ಯಾರಿಗೂ ತಿಳಿಯಬಾರದು.

ವಸಂತಿಯ ಪರಿಚಯ ಮಾಡಿಕೊಡಬೇಕಲ್ಲ. ನಾನೂ ಅವಳೂ ಒಂದೇ ವರ್ಷ ಮೇಲ್ವಿಚಾರಕಿಯರಾಗಿ ಸೇರಿದವರು. ನನಗೆ ಕುಂದಾಪುರದ ಕಡೆ, ಅವಳಿಗೆ ಬ್ರಹ್ಮಾವರದ ಕಡೆ. ನನ್ನ ಸೀರೆಯ ನೆರಿಗೆ ಸಂಜೆಯವರೆಗೂ ಕೆಡುತ್ತಿರಲಿಲ್ಲ, ಅವಳದು ಬಸ್ಸು ಇಳಿಯುವಾಗಲೇ ಮುದ್ದೆ. ನಾನು ಹೇಳಿದ ಸಮಯಕ್ಕಿಂತ ಮೊದಲೇ ಹಾಜರು. ಅವಳು ಸಾಸ್ತಾನದ ಟೋಲ್ ಹತ್ತಿರ ಬಸ್ಸು ಸಿಕ್ಕಿಹಾಕಿಕೊಂಡಿತು ಎಂದು ನಗುತ್ತಾ ಬರುವವಳು. ಕಾರ್ಯಕರ್ತೆಯರು ನನ್ನನ್ನು ಕಂಡರೆ ಎದ್ದು ನಿಂತು "ನಮಸ್ತೆ ಮೇಡಂ" ಎನ್ನುತ್ತಿದ್ದರು. ಅವಳನ್ನು ಕಂಡರೆ "ಅಕ್ಕ, ಬನ್ನಿ, ಕೂಕಣಿ" ಎಂದು ಚಾಪೆ ಸರಿಸುತ್ತಿದ್ದರು. ಆ 'ಅಕ್ಕ' ಎನ್ನುವ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆಯೊಳಗೆ ಮೆಣಸು ಅರೆದ ಹಾಗಾಗುತ್ತಿತ್ತು.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಹೊಸ ಕಾನೂನು ಬಂದಾಗ ಇಲಾಖೆಗೆ ತರಬೇತುದಾರರು ಬೇಕಾದರು. ನಮ್ಮಿಬ್ಬರನ್ನೂ ಉಡುಪಿಗೆ ಕಳಿಸಿದರು. ಬೆಂಗಳೂರಿನಿಂದ ಬಂದವರು ಪಾಠ ಮಾಡಿದರು. ನಾನು ಪುಟಗಟ್ಟಲೆ ಬರೆದುಕೊಂಡೆ. ವಸಂತಿ ಮಧ್ಯಾಹ್ನದ ಊಟವಾದ ಮೇಲೆ ಗೋಡೆಗೆ ಒರಗಿ ತೂಕಡಿಸಿದಳು. ಇವಳಿಂದ ಏನಾದೀತು ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ನನ್ನ ಮೊದಲ ತರಬೇತಿಗೆ ದೊಡ್ಡ ದೊಡ್ಡ ಚಾರ್ಟು ಬರೆಸಿದ್ದೆ. ಒಂದರಲ್ಲಿ ದಪ್ಪ ಮೀಸೆಯ ಗಂಡಸು ಮಗುವಿಗೆ ಚಾಕಲೇಟು ಚಾಚುತ್ತಿರುವ ಚಿತ್ರ. ಕೆಳಗೆ 'ಅಪರಿಚಿತರಿಂದ ಎಚ್ಚರ'. ಕಾರ್ಯಕರ್ತೆಯರು ಆ ಚಾರ್ಟನ್ನು ನೋಡಿ ತಮ್ಮ ತಮ್ಮ ಅಂಗನವಾಡಿಗಳಲ್ಲಿ ಹಾಗೇ ಬರೆಸಿ ತೂಗುಹಾಕಿದರು. ಸ್ವಲ್ಪ ದಿನದಲ್ಲಿ ಸೈಕಲ್ಲಿನಲ್ಲಿ ಐಸ್ ಕ್ಯಾಂಡಿ ಮಾರುವ ಒಬ್ಬ ಮುದುಕ ನನ್ನ ಕಚೇರಿಗೇ ಬಂದ.

"ಹ್ವಾಯ್ ಅಮ್ಮ, ಮಕ್ಳಿಗೆ ನೀವ್ ಎಂತ ಹೇಳ್ ಕೊಟ್ರಿ? ನನ್ ಗಂಟಿ ಕೇಂಡ್ರೆ ಸಾಕ್, ಕೂಗಂಡ್ ಓಡ್ತೊ. ನಾ ಎಂತ ಹುಲಿಯಾ?"

ಅವನಿಗೆ ಮೀಸೆ ಇತ್ತು. ಚಿತ್ರದಲ್ಲಿದ್ದದ್ದಕ್ಕಿಂತ ದಪ್ಪ. ನಗು ತಡೆಯಲಾಗಲಿಲ್ಲ, ಅಳುವೂ ಬಂತು. ಅವನ ಕೈಹಿಡಿದುಕೊಂಡು ಒಂದು ಅಂಗನವಾಡಿಗೆ ಹೋಗಿ, ನಾನೇ ಮೊದಲು ಕ್ಯಾಂಡಿ ತಿಂದು ತೋರಿಸಬೇಕಾಯಿತು. ನೆನಪಿಡಿ: ಮಕ್ಕಳಿಗೆ ಮುಖ ತೋರಿಸಿ ಹೆದರಿಸಬಾರದು. ಕೆಟ್ಟದ್ದು ಮಾಡುವವನು ಮೀಸೆ ಬಿಟ್ಟುಕೊಂಡು ಚಾಕಲೇಟು ಹಿಡಿದು ರಸ್ತೆಯಲ್ಲಿ ನಿಂತಿರುವುದಿಲ್ಲ. ಹೆಚ್ಚಿನಂಶ ನಾವು ಚಹಾ ಕೊಟ್ಟು ಒಳಗೆ ಕೂರಿಸಿದವನೇ ಆಗಿರುತ್ತಾನೆ.

ಈ ಸುದ್ದಿ ವಸಂತಿಗೆ ತಲುಪದೆ ಇರುತ್ತದೆಯೇ? ಮುಂದಿನ ಸಭೆಯಲ್ಲಿ ಅವಳು ನನ್ನನ್ನು ನೋಡಿ "ಕ್ಯಾಂಡಿ ಯಾವ್ ಬಣ್ಣದ್ದ್ ತಿಂದೆ ಮಾರಾಯ್ತಿ?" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ನಮ್ಮ ಆಗಿನ ಯೋಜನಾಧಿಕಾರಿಗಳಿಗೆ ಫೋಟೋ ಎಂದರೆ ಪ್ರಾಣ. ತರಬೇತಿ ಆಯಿತೇ, ಬ್ಯಾನರ್ ಕಾಣುವ ಹಾಗೆ ಫೋಟೋ ಬಂತೇ, ಅಷ್ಟೇ. ನನ್ನ ಫೋಟೋಗಳನ್ನು ಜಿಲ್ಲಾ ಸಭೆಯಲ್ಲಿ ತೋರಿಸುತ್ತಿದ್ದರು. ವಸಂತಿಯ ಫೋಟೋಗಳಲ್ಲಿ ಬ್ಯಾನರೇ ಇರುತ್ತಿರಲಿಲ್ಲ. ಯಾರದೋ ಬೆನ್ನು, ಯಾರದೋ ಮೊಣಕಾಲು, ಮೂಲೆಯಲ್ಲಿ ಒಂದು ಬೆಕ್ಕು. ಅಧಿಕಾರಿಗಳು ಅವಳನ್ನು ಬೈಯುವಾಗ ನಾನು ಕಿವಿ ತೆರೆದು ಕೂತಿರುತ್ತಿದ್ದೆ, ಹಬ್ಬದೂಟದಂತೆ.

ಆದರೆ ಒಂದು ಸಂಗತಿ ನನ್ನ ನಿದ್ದೆ ಕೆಡಿಸಿತ್ತು. ನನ್ನ ತರಬೇತಿ ಮುಗಿದ ಮೇಲೆ ಚಪ್ಪಾಳೆ, ವಂದನಾರ್ಪಣೆ, ಉಪಾಹಾರ. ಅವಳ ತರಬೇತಿ ಮುಗಿದ ಮೇಲೆ ಯಾರಾದರೊಬ್ಬರು ಹಿಂದೆ ಉಳಿಯುತ್ತಿದ್ದರು. ಒಬ್ಬ ತಾಯಿ, ಒಬ್ಬ ಹುಡುಗಿ, ಒಮ್ಮೆ ನಡುವಯಸ್ಸಿನ ಒಬ್ಬ ಟೀಚರು ತನ್ನ ಬಾಲ್ಯದ್ದು ಹೇಳಲಿಕ್ಕೆ. ಅವಳಿಂದ ಎಷ್ಟೋ ಮಕ್ಕಳ ಸಂಕಟ ಹೊರಗೆ ಬಂದು, ಆ ಮಕ್ಕಳು ಉಳಿದುಕೊಂಡರು. ನನ್ನ ಹತ್ತಿರ ಒಂದು ಮಗುವೂ ಬರಲಿಲ್ಲ. ವರ್ಷಗಟ್ಟಲೆ, ಒಂದೂ ಇಲ್ಲ. ಎಲ್ಲವನ್ನೂ ನಾನು ಸರಿಯಾಗಿ ಹೇಳುತ್ತಿದ್ದೆ. ಕಾನೂನಿನ ಕಲಮು ಕೂಡ ಬಾಯಿಪಾಠ. ಹಾಗಿದ್ದರೂ ನನ್ನನ್ನು ನಂಬಿ ಒಂದು ಮಗುವಾದರೂ ಬಾಯಿಬಿಡಬಾರದೇ? ಅದೊಂದೇ ನನಗೆ ಬೇಕಾಗಿತ್ತು. ಭಡ್ತಿ ಅಲ್ಲ, ಫೋಟೋ ಅಲ್ಲ.

ಅವಳು ಮಾಡುವುದೇನು ನೋಡಿಯೇ ಬಿಡೋಣ ಎಂದು ಒಮ್ಮೆ ಅವಳು ನಮ್ಮ ಕಡೆಯ ಹೆಮ್ಮಾಡಿಗೆ ತರಬೇತಿಗೆ ಬಂದಿದ್ದಾಗ ಅಲ್ಲಿಗೆ ಹೋದೆ. ಪರಿಶೀಲನೆ ಎಂದು ನೆಪ. ಸೇವಂತಿಗೆ ಹೂವಿನ ಕಾಲ. ತಾಯಂದಿರು ಕೊಯ್ದ ಹೂವನ್ನು ಅಂಗನವಾಡಿಯ ಜಗಲಿಗೇ ತಂದು ಕಟ್ಟುತ್ತಿದ್ದರು. ಈ ಮಹಾತಾಯಿ ಕೂಡ ಅವರ ನಡುವೆ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದಾಳೆ! ಚಾರ್ಟು ಇಲ್ಲ, ಮೈಕು ಇಲ್ಲ. ಸುಮಾರು ಹೊತ್ತು ಮೀನಿನ ಸುದ್ದಿ, ಸೊಸೆಯ ಸುದ್ದಿ. ಆಮೇಲೆ ತಲೆ ಎತ್ತದೆ ಕೇಳಿದಳು:

"ಅಲ್ದಾ, ನಿಮ್ ಮಕ್ಳ್ ಯಾರ್ ಮನಿಗ್ ಹೋಪುಕೆ ಒಲ್ಲೆ ಅಂತೊ?"

ಒಬ್ಬಳು ಹೇಳಿದಳು, "ನಮ್ಮದ್ ಅದರ ದೊಡ್ಡಪ್ಪನ ಮನಿಗ್ ಒಲ್ಲೆ ಅಂತ್."

"ಒಲ್ಲೆ ಅಂದ್ರೆ ನೀ ಎಂತ ಮಾಡ್ತೆ?"

"ಎರಡ್ ಬಿಟ್ಟ್ ಕಳ್ಸ್ತೆ. ದೊಡ್ಡೋರ್ ಕರೆದ್ರೆ ಹೋಯ್ಕಲ್ದಾ, ಮರ್ಯಾದಿ ಬ್ಯಾಡ್ದಾ?"

"ಇನ್ನ್ ಹೊಡಿಬೇಡ. ಎಂತಕ್ಕೆ ಒಲ್ಲೆ ಅಂತ್ ಕಾಣ್" ಎಂದು ವಸಂತಿ ಮತ್ತೊಂದು ಹೂ ಪೋಣಿಸಿದಳು. ಅಷ್ಟೇ ತರಬೇತಿ. ಆ ಹೆಂಗಸಿನ ಕೈ ನಿಂತೇ ಹೋಯಿತು. ಎಲ್ಲರೂ ಎದ್ದ ಮೇಲೂ ಅವಳು ಕೂತೇ ಇದ್ದಳು. ಜಗಲಿಯ ಕೆಳಗೆ ನಿಂತಿದ್ದ ನನಗೆ ಅದೆಲ್ಲ ಕಂಡಿತು. ಆ ಪ್ರಶ್ನೆ ನನಗೆ ಏಕೆ ಹೊಳೆಯಲಿಲ್ಲ ಎಂದು ಮನೆಗೆ ಬರುವವರೆಗೂ ಉರಿದೆ. ದೊಡ್ಡವರ ಮಾತು ಮೀರಬಾರದು ಎಂದು ನಾವೇ ಹೊಡೆದು ಕಲಿಸಿದ ಮಕ್ಕಳು, ಅಪಾಯ ಬಂದಾಗ ಕಿರುಚಿಯಾವು ಎಂದು ನಾನು ಚಾರ್ಟಿನಲ್ಲಿ ಬರೆಸಿದ್ದೆ. ಕಿರುಚುವುದು ಹೇಗೆ?

ಅವಳ ಹಾಗೆ ನಾನೂ ಒಮ್ಮೆ ನೆಲದ ಮೇಲೆ ಕೂತೆ. ಕಾರ್ಯಕರ್ತೆಯರೆಲ್ಲ ದಡಬಡ ಎದ್ದರು. "ಮೇಡಂ, ತಲೆ ತಿರ್ಗಿತಾ? ನೀರ್ ತಕಂಬತ್ತೆ" ಎಂದು ಒಬ್ಬಳು ಓಡಿಯೇಬಿಟ್ಟಳು. ಕುಂದಾಪ್ರ ಕನ್ನಡದಲ್ಲಿ ಮಾತಾಡಲು ನೋಡಿದೆ. ಮನೆಯಲ್ಲಿ ಆಡುವ ಮಾತೇ, ತರಬೇತಿಯಲ್ಲಿ ನಾಟಕದ ಸಂಭಾಷಣೆಯ ಹಾಗೆ ಕೇಳಿಸಿತು. ಎದ್ದು ಸೀರೆ ಕೊಡವಿ ಮತ್ತೆ ಮೈಕು ಹಿಡಿದೆ.

ಈಗ ಬೈಂದೂರು ಕಡೆಯ ಆ ಶಾಲೆಯ ವಿಷಯ. ಹೈಸ್ಕೂಲು ಮಕ್ಕಳಿಗೂ ನಾವೇ ಹೋಗಿ ತಿಳಿಹೇಳಬೇಕೆಂದು ಆದೇಶ ಬಂದಿತ್ತು. ನಮ್ಮ ಊರಿನ ಪದ್ಧತಿ ನಿಮಗೆ ಗೊತ್ತಲ್ಲ. ನಾಲ್ಕು ಜನ ಸೇರಿದರೆ ಒಂದು ವೇದಿಕೆ. ವೇದಿಕೆ ಎಂದ ಮೇಲೆ ಅಧ್ಯಕ್ಷರು, ಅತಿಥಿಗಳು, ಒಬ್ಬ ದಾನಿ. ದಾನಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಕಾರ್ಯಕ್ರಮ ಯಾವುದರ ಬಗ್ಗೆ ಎನ್ನುವುದು ಆಮೇಲಿನ ಮಾತು. ಹೆಡ್‌ಮಾಸ್ಟರು ಮೊದಲೇ ಹೇಳಿದ್ದರು, "ಮೇಡಂ, ಶಾಲಿಗ್ ವ್ಯಾನ್ ಕೊಟ್ಟೋರ್ ಅವ್ರ್. ಅವ್ರನ್ ಕೂರ್ಸ್ದೆ ಕಾರ್ಯಕ್ರಮ ಮಾಡೂಕಾತಿಲ್ಲ." ನಾನು ಒಪ್ಪಿದೆ. ಒಪ್ಪದೆ ಇರುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ.

ದಾನಿಗಳು ಬಿಳಿ ಅಂಗಿ ಹಾಕಿ ನಗುನಗುತ್ತಾ ಬಂದರು. ಹೆಡ್‌ಮಾಸ್ಟರು ಕೈಗೆ ಕೊಟ್ಟ ಶಾಲನ್ನು ನಾನು ಹೊದಿಸಿದೆ. "ಈ ಮಕ್ಳೆಲ್ಲ ನನ್ ಮಕ್ಳಿದ್ದಾಂಗೆ" ಎಂದು ಅವರು ಭಾಷಣ ಮಾಡಿದರು. ಆಮೇಲೆ ನನ್ನ ಸರದಿ. ಹೇಳಿಕೊಳ್ಳಬಾರದು, ಅಂಥ ಭಾಷಣ ನಾನು ಅದುವರೆಗೆ ಮಾಡಿರಲಿಲ್ಲ. ಯಾರೇ ಆಗಲಿ, ಎಷ್ಟೇ ದೊಡ್ಡವರಾಗಲಿ, ಬೇಡವೆಂದರೆ ಬೇಡವೇ ಎಂದೆ. ಚಪ್ಪಾಳೆ ಬಿತ್ತು. ದಾನಿಗಳೂ ತಟ್ಟಿದರು.

ಎಲ್ಲ ಮುಗಿದು ನಾನು ಚಾರ್ಟು ಸುತ್ತುತ್ತಿದ್ದೆ. ಎಂಟನೆಯ ತರಗತಿಯ ಒಬ್ಬ ಹುಡುಗಿ ಬಂದು ಹತ್ತಿರ ನಿಂತಳು. ಲಂಗದ ಅಂಚನ್ನು ಬೆರಳಿಗೆ ಸುತ್ತಿ ಬಿಡುತ್ತಿದ್ದಳು. ಬಂತು! ಇಷ್ಟು ವರ್ಷಕ್ಕೆ ಒಂದು ಮಗು ನನ್ನ ಹತ್ತಿರ ಬಂತು!

"ಮೇಡಂ, ವಸಂತಿಯಕ್ಕ ಬರ್ಲಿಲ್ಲಾ?"

ಕೆನ್ನೆಗೆ ಹೊಡೆದ ಹಾಗಾಯಿತು. "ವಸಂತಿಯಕ್ಕ ನಿಂಗೆ ಹ್ಯಾಂಗ್ ಗೊತ್ತ್?"

"ಹೆಮ್ಮಾಡಿಯಲ್ಲಿ ನಮ್ ಅಕ್ಕನ ಶಾಲಿಗ್ ಬಂದಿರಂಬ್ರ್. ಅವ್ರ್ ಬಂದ್ರೆ ಸ್ಟೇಜಿನ್ ಮೇಲೆ ಯಾರನ್ನೂ ಕೂರ್ಸುದಿಲ್ಲಂಬ್ರ್."

ಹಾಗೆ ಹೇಳಿ ಅವಳು ಒಮ್ಮೆ ಹಿಂದೆ ತಿರುಗಿದಳು. ಹೆಡ್‌ಮಾಸ್ಟರ ಕೋಣೆಯ ಮುಂದೆ ದಾನಿಗಳು ಶಾಲು ಹೊದ್ದುಕೊಂಡೇ ಚಹಾ ಕುಡಿಯುತ್ತಿದ್ದರು. ಹುಡುಗಿ ಕೂಡಲೇ ಮುಖ ತಿರುಗಿಸಿಕೊಂಡಳು. ನನ್ನ ಕೈಯಲ್ಲಿದ್ದ ಚಾರ್ಟು ಕೆಳಗೆ ಬಿತ್ತು. ಇನ್ನು ಮುಂದೆ ಈ ಬರಹದಲ್ಲಿ ಅವನಿಗೆ ಬಹುವಚನ ಇಲ್ಲ.

ಹೇಳು ಮಗು, ನನಗೇ ಹೇಳು, ನಾನೂ ಅದೇ ಕೆಲಸದವಳು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಠ ಹಿಡಿದರೆ ಬಾಯಿ ಬಿಡುತ್ತಿದ್ದಳೋ ಏನೋ. ಆದರೆ ಅವಳು ಕೇಳಿದ್ದು ನನ್ನನ್ನಲ್ಲ. ಮಗು ಯಾರ ಹತ್ತಿರ ಹೇಳಬೇಕೆಂದಿದೆಯೋ ಅವರ ಹತ್ತಿರವೇ ಹೇಳಲಿ, ಒಂದೇ ಸಲ ಹೇಳಲಿ ಎಂದು ನಾನೇ ಊರೆಲ್ಲ ಪಾಠ ಮಾಡಿದ್ದೆ. ನುಂಗಿಕೊಂಡೆ. ಆ ತುತ್ತು ಎಷ್ಟು ಕಹಿ ಎಂದು ನನಗೆ ಮಾತ್ರ ಗೊತ್ತು. ವಸಂತಿಗೆ ಫೋನು ಮಾಡಿದೆ.

"ಅದ್ರತ್ರ ಎಂತದೂ ಕೇಣ್ಬೇಡ. ನಾ ಈಗ್ಳೇ ಹೊರ್ಟೆ. ಅದ್ ಮನಿಗ್ ಹ್ಯಾಂಗ್ ಹೋಪುದ್?"

"ಅವನ ವ್ಯಾನಲ್ಲೇ. ಡ್ರೈವರ್ ಇವತ್ತ್ ರಜಿ ಅಂಬ್ರ್. ಅವನೇ ಬಿಡೂದ್. ಇದ್ ಕಡೀಗ್ ಇಳಿಯೂದ್."

"ಹಂಗಾರೆ ಹತ್ಸೂಕೆ ಬಿಡ್ಬೇಡ. ನಾ ಬಪ್ಪಲ್ಲಿವರಿಗ್ ಹ್ಯಾಂಗಾರೂ ತಡಿ."

ಅವಳು ಸಾಸ್ತಾನದಿಂದ ಬಸ್ಸು ಹಿಡಿದು ಬರಬೇಕು. ಹುಡುಗಿಯನ್ನು ಲೈಬ್ರರಿ ಕೋಣೆಯಲ್ಲಿ ಕೂರಿಸಿ, "ಈ ಚಾರ್ಟೆಲ್ಲ ಮಡ್ಸಿ ಇಡ್ತ್ಯಾ? ವಸಂತಿಯಕ್ಕ ಬತ್ತಾ ಇತ್ತ್" ಎಂದೆ. ಅವಳು ತಲೆಯಾಡಿಸಿದಳು. ಹೊರಗೆ ಮಕ್ಕಳು ವ್ಯಾನಿನ ಹಾರ್ನು ಒತ್ತುವುದು ಕೇಳಿಸಿತು.

ಹೋಗಿ ಅವನ ಎದುರು ಕುರ್ಚಿ ಎಳೆದುಕೊಂಡು ಕೂತೆ. "ನಿಮ್ಮ ಬಗ್ಗೆ ಇಲಾಖೆಯ ಪತ್ರಿಕೆಗೆ ಬರೆಯಬೇಕು ಅಂತಿದ್ದೇನೆ. ತಾವು ಬೆಳೆದು ಬಂದ ದಾರಿ ಹೇಳಬಹುದೇ?" ಎಂದು ನನ್ನ ಅತ್ಯುತ್ತಮ ಪುಸ್ತಕದ ಕನ್ನಡದಲ್ಲಿ ಕೇಳಿದೆ. ಅವನ ಮುಖ ಅರಳಿತು. ಶುರುವಾಯಿತು ನೋಡಿ. ಮುಂಬೈಗೆ ಹೋದದ್ದು, ಹೋಟೆಲಿನಲ್ಲಿ ಕಪ್ಪು ತೊಳೆದದ್ದು, ಸೇಠನ ಕೈಯಿಂದ ಹೋಟೆಲು ತನ್ನ ಕೈಗೆ ಬಂದದ್ದು. ನಡುವೆ ಎದ್ದ. "ಮಕ್ಳನ್ ಬಿಡೂಕಿತ್ತ್ ಮೇಡಂ, ಹೊತ್ತಾಯ್ತ್."

"ಅಯ್ಯೋ, ಇಷ್ಟು ಒಳ್ಳೆಯ ಕಥೆ ಅರ್ಧಕ್ಕೇ ನಿಲ್ಲಿಸುವುದೇ? ಊರಿಗೆ ವಾಪಸ್ಸು ಬಂದದ್ದು ಹೇಗೆ?"

ಕೂತ. ಹೊಗಳಿಕೆಗೆ ಕೂರದ ಗಂಡಸನ್ನು ನಾನು ಕಂಡಿಲ್ಲ. ವ್ಯಾನಿನ ಮಕ್ಕಳು ಅಂಗಳದಲ್ಲಿ ಕಬಡ್ಡಿ ಆಡುತ್ತಿದ್ದವು. ನನ್ನ ನಗು ಮುಖಕ್ಕೆ ಅಂಟಿಕೊಂಡು ದವಡೆ ನೋಯುತ್ತಿತ್ತು. ಚೆನ್ನಾಗಿ ಮಾತಾಡುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಅದೊಂದು ಅಂದು ಉಪಯೋಗಕ್ಕೆ ಬಂತು.

ಕೊನೆಗೂ ಗೇಟಿನಲ್ಲಿ ಆಟೋ ನಿಂತಿತು. ವಸಂತಿ ಕೆದರಿದ ತಲೆಯಲ್ಲಿ ಇಳಿದು, ಯಾರಿಗೂ ನಮಸ್ಕಾರ ಕೂಡ ಮಾಡದೆ ಲೈಬ್ರರಿಗೆ ನಡೆದಳು. ಹೆಡ್‌ಮಾಸ್ಟರಿಗೆ "ಮಕ್ಳನ್ನೆಲ್ಲ ಬಸ್ಸಲ್ಲಿ ಕಳ್ಸಿ, ಟೀಚರ್ ಒಟ್ಟಿಗೆ ಹೋಯ್ಲಿ" ಎಂದು ಹೇಳಿ ನಾನು ಬಾಗಿಲಿಗೆ ಅಡ್ಡ ನಿಂತೆ. "ಎಂತ ಮೇಡಂ, ಎಂತ ಒಳ್ಗೆ?" ಎಂದು ಅವರು ಇಣುಕಲು ಬಂದರು. "ಒಂದು ಹೆಜ್ಜೆ ಮುಂದೆ ಇಟ್ಟರೆ ನಿಮ್ಮ ಮೇಲೂ ದೂರು ಬರೆಯಬೇಕಾಗುತ್ತದೆ" ಎಂದೆ. ಅಲ್ಲೇ ನಿಂತರು.

ಬಾಗಿಲ ಪಕ್ಕದ ಕಿಟಕಿಯಿಂದ ಕಾಣುತ್ತಿತ್ತು. ವಸಂತಿ ಹುಡುಗಿಯ ಮುಖ ಕೂಡ ನೋಡುತ್ತಿರಲಿಲ್ಲ. ಇಬ್ಬರೂ ಚಾಪೆಯ ಮೇಲೆ ಕೂತು ಚಾರ್ಟು ಮಡಿಸುತ್ತಿದ್ದರು. ಹುಡುಗಿಯ ತುಟಿ ಅಲುಗತೊಡಗಿತು. ನಾನು ನಿಂತಿದ್ದ ಬಾಗಿಲಿನಿಂದ ಅವರಿಬ್ಬರಿಗೆ ನಾಲ್ಕು ಮಾರು ದೂರ. ಆ ಹೊತ್ತಿನಲ್ಲೂ, ದೇವರು ಮೆಚ್ಚುವುದಿಲ್ಲ, ಆ ಚಾಪೆಯ ಮೇಲೆ ನಾನಿರಬೇಕಿತ್ತು ಎಂದು ನನಗೆ ಅನಿಸುತ್ತಿತ್ತು.

ವಸಂತಿ ಹೊರಗೆ ಬಂದು "ಪೊಲೀಸ್ರಿಗ್ ಫೋನ್ ಮಾಡ್. ಹೆಂಗ್ಸರೇ ಬರ್ಲಿ, ಯೂನಿಫಾರ್ಮ್ ಬ್ಯಾಡ" ಎಂದಳು, ಅಷ್ಟೇ. ಅವರು ಬಂದಾಗಲೂ ಅವನು ಉಳಿದ ಕಥೆ ಹೇಳಲು ನನ್ನನ್ನೇ ಕಾದು ಕೂತಿದ್ದ. ಹುಡುಗಿಯ ತಾಯಿಯನ್ನು ಗೇರುಬೀಜದ ಕಾರ್ಖಾನೆಯಿಂದ ಕರೆಸಿದರು. ಅವನನ್ನು ಕರೆದುಕೊಂಡು ಹೋಗುವಾಗ ನಾನು ಹೊದಿಸಿದ ಶಾಲು ಇನ್ನೂ ಅವನ ಹೆಗಲ ಮೇಲೆ ಇತ್ತು.

ಹಿಂದಿರುಗುವಾಗ ಒಂದೇ ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. "ನಿನ್ ಹತ್ರ ಹ್ಯಾಂಗ್ ಮಾತಾಡ್ತ್ ಅದ್? ನೀ ಎಂತ ಕೇಂಡೆ?" ಎಂದೆ. ಕಲಿಯಲಿಕ್ಕೆ ಕೇಳಿದ್ದಲ್ಲ, ಉರಿಗೆ ಕೇಳಿದ್ದು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಕೋಟೇಶ್ವರದಲ್ಲಿ ನಾನು ಇಳಿಯುವಾಗಲೂ ತಿರುಗಲಿಲ್ಲ. ಅಬ್ಬಬ್ಬಾ, ಇವಳ ಗರ್ವವೇ ಎಂದುಕೊಂಡೆ.

ಅವನಿಗೆ ಶಿಕ್ಷೆಯಾಯಿತು. ಹುಡುಗಿ ಓದು ಮುಂದುವರಿಸಿದಳು. ಹಬ್ಬಕ್ಕೆ ವಸಂತಿಗೆ ಮೆಸೇಜು ಕಳಿಸುತ್ತಾಳಂತೆ, ನನಗೆ ಇಲ್ಲ. ಅಂದಿನಿಂದ ನಾನು ಯಾವ ಶಾಲೆಯಲ್ಲೂ ವೇದಿಕೆ ಹಾಕಿಸಲಿಲ್ಲ, ಶಾಲು ಹಾರ ಮುಟ್ಟಲಿಲ್ಲ. ಅಧಿಕಾರಿಗಳು ಫೋಟೋ ಚೆನ್ನಾಗಿಲ್ಲವೆಂದು ಬೈದರು. ಈ ಕ್ರಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕುಗಳಲ್ಲಿ ಹರಡಿತು. ಹೆಸರು ಏನು ಗೊತ್ತೇ? 'ವಸಂತಿಯಕ್ಕನ ಕ್ರಮ'. ಅಧಿಕಾರಿಗಳ ಹತ್ತಿರ ಬೈಗುಳ ತಿಂದು ಅದನ್ನು ಹರಡಿದವಳು ನಾನು! ಈಗ ಎಲ್ಲರೂ ಮೊಬೈಲಿನಲ್ಲಿ ವಿಡಿಯೋ ನೋಡಿ, ಪ್ರಶ್ನೆಗೆ ಉತ್ತರ ಒತ್ತಿ, ಪ್ರಮಾಣಪತ್ರ ಇಳಿಸಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಮಗು ಮೊಬೈಲಿಗೆ ಹೇಳುವುದಿಲ್ಲ, ನಿಮ್ಮಂಥವರಿಗೆ ಹೇಳಬೇಕು.

ಕೊನೆಯ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ನಿವೃತ್ತಿಯಾದ ಮೇಲಿನದು. ಒಂದು ಮಗು. ಯಾವ ಊರು, ಯಾರ ಮನೆ, ಗಂಡೋ ಹೆಣ್ಣೋ, ಕೇಳಬೇಡಿ. ನಾನು ಬಸಳೆ ಸೋಸುತ್ತಿದ್ದೆ. ಅದು ಪಕ್ಕದಲ್ಲಿ ಕೂತು ಎಲೆ ಬಿಡಿಸಿ ಕೊಡುತ್ತಿತ್ತು. ಇದ್ದಕ್ಕಿದ್ದ ಹಾಗೆ, "ಅಜ್ಜಿ, ಒಂದ್ ಹೇಳ್ಲಾ? ನೀವ್ ಬೈತ್ರಾ?" ಎಂದಿತು.

ಕೆಲಸದಲ್ಲಿದ್ದಷ್ಟು ವರ್ಷವೂ ಈ ಮಾತಿಗೆ ಕಾದಿದ್ದೆ. ಈ ಮಾತಿಗಾಗಿ ಅವಳ ಮೇಲೆ ಉರಿದು ಉರಿದು ಬೂದಿಯಾಗಿದ್ದೆ. "ಇಲ್ಲ, ಬೈತಿಲ್ಲ" ಎಂದೆ. ಅದು ಒಂದೊಂದು ಎಲೆಗೆ ಒಂದೊಂದು ಮಾತು ಹೇಳುತ್ತಾ ಹೋಯಿತು. ಎರಡನೆಯ ಮಾತಿಗೇ ನನ್ನ ಜೀವ ಬಾಯಿಗೆ ಬಂತು. ಅಯ್ಯೋ ದೇವರೇ, ಈ ಮಗು ವಸಂತಿಯ ಹತ್ತಿರ ಹೋಗಬಾರದಿತ್ತೇ ಎಂದು ಕೂಗಿಕೊಳ್ಳುವ ಹಾಗಾಯಿತು. ಎದ್ದು ಓಡಲಿಲ್ಲ. ಕೂತೆ. ಎಲೆ ಬಿಡಿಸಿದೆ. ಎಲ್ಲ ಹೇಳಿ ಮುಗಿಸಿದ ಮೇಲೆ, "ನೀ ಹೇಳಿದ್ ಒಳ್ಳೇದಾಯ್ತ್. ನಿಂದ್ ಎಂತ ತಪ್ಪೂ ಇಲ್ಲ" ಎಂದೆ. ಮಾಡಬೇಕಾದ್ದನ್ನು ಆ ದಿನವೇ ಮಾಡಿದೆ. ಮಗು ಈಗ ಕ್ಷೇಮವಾಗಿದೆ.

ಮರುದಿನ ಮಧ್ಯಾಹ್ನ ವಸಂತಿಗೆ ಫೋನು ಮಾಡಿದೆ. ಇಂಥ ದಿನ ಬಂದರೆ ಅವಳಿಗೆ ಏನೇನು ಹೇಳಿ ಹೊಟ್ಟೆ ಉರಿಸಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ನೋಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ.

"ವಸಂತಿ, ಒಂದ್ ಮಗು ನನ್ನತ್ರ ಹೇಳ್ತ್ ಮಾರಾಯ್ತಿ."

ಅವಳು ಕೇಳಿದಳು, "ಉಂಡ್ಯಾ?"

"ಇಲ್ಲ."

"ನಿನ್ನೆ?"

"ಇಲ್ಲ."

"ಒಂಚೂರ್ ಗಂಜಿಯಾರೂ ಉಣ್. ಫೋನ್ ಇಡ್ಬೇಡ, ನಾ ಇಲ್ಲೇ ಇರ್ತೆ. ಅನ್ನ ಒಳ್ಗ್ ಇಳಿಯೂದಿಲ್ಲ, ನಂಗ್ ಗೊತ್ತಿತ್ತ್. ನಾ ಎಷ್ಟ್ ದಿನ ಉಣ್ದೇ ಮನಿಕಂಡಿದ್ದೆ."

ಅವಳ ಹತ್ತಿರ ಯಾವ ಊರಿನ ಮಗು ಹೋಯಿತು, ಯಾರ ತಾಯಿ ಹಿಂದೆ ಉಳಿದಳು ಎಂದು ಒಂದೊಂದನ್ನೂ ನಾನು ಎಣಿಸಿ ಇಟ್ಟಿದ್ದೆ. ಉಂಡೆಯಾ ಎಂದು ಒಂದು ದಿನವೂ ಕೇಳಿರಲಿಲ್ಲ.